ಕೌದಿಯ ಒಡಲು: ಮಳೆಗಾಲದ ಬಯಲು ಹೊದಿಕೆಗೆ ಒಳತುಂಬಿನ ಆಯ್ಕೆ (ಯಾದಗಿರಿ, ಶಹಾಪುರ, ಸುರಪುರ ಪರಿಸರವನ್ನು ಅನುಲಕ್ಷಿಸಿ)

ಉತ್ತರ ಕರ್ನಾಟಕದ ಭೌತಿಕ ಸಂಸ್ಕೃತಿಯನ್ನು ಕುರಿತ ಬರಹಗಳಲ್ಲಿ ಕೌದಿಗೆ ಒಂದು ಗೌರವದ ಸ್ಥಾನ ದೊರೆತಿದೆ. ಆದರೆ ಆ ಗೌರವ ಬಹುಮಟ್ಟಿಗೆ ಕೌದಿಯ ಮೇಲ್ಮೈಗೆ ಸಂದದ್ದು. ತುಂಡುಬಟ್ಟೆಗಳ ಜೋಡಣೆ, ಬಣ್ಣಗಳ ಮೇಳ, ಅಂಚಿನ ವಿನ್ಯಾಸ, ಹೊಲಿಗೆಯ ಸಾಲು ಇವುಗಳನ್ನು ನಾವು ವಿವರವಾಗಿ ದಾಖಲಿಸಿದ್ದೇವೆ. ಎರಡು ಮೇಲುಬಟ್ಟೆಗಳ ನಡುವೆ ಏನಿದೆ, ಅದನ್ನೇ ಏಕೆ ಇಡಲಾಯಿತು, ಬೇರೆಯದನ್ನು ಏಕೆ ಇಡಲಿಲ್ಲ ಎಂಬ ಪ್ರಶ್ನೆಗಳು ಮಾತ್ರ ನಮ್ಮ ಅಧ್ಯಯನದ ಅಂಚಿಗೇ ಉಳಿದಿವೆ. ಹೊದಿಕೆಯೊಂದು ಹೊದಿಕೆಯಾಗುವುದು ಅದರ ಒಡಲಿನಿಂದ. ಪ್ರಸ್ತುತ ಲೇಖನದಲ್ಲಿ ಆ ಒಡಲನ್ನು, ವಿಶೇಷವಾಗಿ ಮಳೆಗಾಲದಲ್ಲಿ ಬಯಲಿನಲ್ಲಿ ಬಳಸುವ ಹೊದಿಕೆಯ ಒಳತುಂಬನ್ನು ಕುರಿತು ವಿವೇಚಿಸಲು ಯತ್ನಿಸಲಾಗಿದೆ.

ಈ ಪ್ರಶ್ನೆ ನನಗೆ ಎದುರಾದದ್ದು ನನ್ನದೇ ಒಂದು ಲೋಪದಿಂದ. ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಸುರಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಕೌದಿಗಳನ್ನು ದಾಖಲಿಸಲು ನಾನು ಸಿದ್ಧಪಡಿಸಿಕೊಂಡಿದ್ದ ನಮೂನೆಯಲ್ಲಿ ಉದ್ದ, ಅಗಲ, ಬಣ್ಣ, ವಿನ್ಯಾಸ, ಹೊಲಿದವರ ವಯಸ್ಸು ಎಲ್ಲಕ್ಕೂ ಜಾಗವಿತ್ತು. ಒಳಗಿನ ವಸ್ತುವಿಗೆ ಜಾಗವಿರಲಿಲ್ಲ. ಕುರಿಗಾರ ಮನೆತನದ ವೃದ್ಧೆಯೊಬ್ಬರು ಹರಿದ ಕೌದಿಯೊಂದರ ಅಂಚನ್ನು ಬಿಚ್ಚಿ, ಒಳಗಿನ ಪದರಗಳನ್ನು ಒಂದೊಂದಾಗಿ ಬೆರಳಿನಿಂದ ಎತ್ತಿ ತೋರಿಸಿದರು. ಮೇಲೆ ಕಾಣುವುದು ನೋಡುವವರಿಗೆ, ಒಳಗಿರುವುದು ಹೊದೆಯುವವರಿಗೆ ಎಂಬ ಅರ್ಥದ ಮಾತನ್ನಾಡಿದರು. ಆ ನಮೂನೆಯನ್ನು ತಿದ್ದಿಕೊಂಡದ್ದು ಅನಂತರ.

ಪ್ರದೇಶ ಮತ್ತು ಪ್ರಶ್ನೆ

ಯಾದಗಿರಿ, ಶಹಾಪುರ ಮತ್ತು ಸುರಪುರ ಮೊದಲು ಕಲಬುರಗಿ ಜಿಲ್ಲೆಯ ತಾಲ್ಲೂಕುಗಳು. 2009-10ರಲ್ಲಿ ಇವು ಮೂರೂ ಸೇರಿ ಯಾದಗಿರಿ ಜಿಲ್ಲೆಯಾಯಿತು; ಮುಂದೆ ಇವುಗಳಿಂದಲೇ ಗುರುಮಠಕಲ್, ವಡಗೇರಾ, ಹುಣಸಗಿ ತಾಲ್ಲೂಕುಗಳು ರೂಪುಗೊಂಡವು. ಕೃಷ್ಣಾ ಮತ್ತು ಭೀಮಾ ನದಿಗಳ ಈ ಸೀಮೆಯಲ್ಲಿ ಎರೆಭೂಮಿಯ ಬಯಲೂ ಇದೆ, ಶಹಾಪುರ-ಸುರಪುರಗಳ ಸುತ್ತಲಿನ ಕಲ್ಲುಗುಡ್ಡಗಳೂ ಇವೆ. ಎರೆಭೂಮಿಯಲ್ಲಿ ಹತ್ತಿ ಹಳೆಯ ಬೆಳೆ. ನಾರಾಯಣಪುರದ ಬಸವಸಾಗರ ಜಲಾಶಯದ ಕಾಲುವೆಗಳು ಬಂದ ಮೇಲೆ ಬತ್ತದ ಗದ್ದೆಗಳು ವಿಸ್ತರಿಸಿದರೂ ರಾಜ್ಯದ ಪ್ರಮುಖ ಹತ್ತಿ ಬೆಳೆಯುವ ಜಿಲ್ಲೆಗಳಲ್ಲಿ ಯಾದಗಿರಿ ಇಂದಿಗೂ ಒಂದು.

ಇಲ್ಲಿಯೇ ಒಂದು ವಿರೋಧಾಭಾಸ ಗೋಚರಿಸುತ್ತದೆ. ಹತ್ತಿ ಬೆಳೆಯುವ ಈ ನಾಡಿನ ಸಾಮಾನ್ಯ ಹೊದಿಕೆಯಾದ ಕೌದಿಯ ಒಳಗೆ ಹತ್ತಿಯ ಅರಳೆ ಇಲ್ಲ. ಅಲ್ಲಿರುವುದು ಹಳೆಯ ಸೀರೆ, ಧೋತರ, ರುಮಾಲುಗಳ ಪದರಗಳು. ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ಬಡತನ. ಮಾರುವ ಬೆಳೆಯನ್ನು ಮನೆಯ ಹೊದಿಕೆಗೆ ತುಂಬುವಷ್ಟು ಅನುಕೂಲ ಎಷ್ಟು ಮಂದಿಗೆ ಇತ್ತು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಬಡತನವೊಂದೇ ಪೂರ್ತಿ ಉತ್ತರವಲ್ಲ. ಅರಳೆ ತುಂಬಿದ ಗಾದಿಯಿರುವ ಮನೆಯಲ್ಲಿಯೂ ಹೊಲಕ್ಕೆ, ಹಟ್ಟಿಗೆ, ದೂರದ ಕೆಲಸಕ್ಕೆ ಹೊರಟವರ ಹೆಗಲ ಮೇಲೆ ಇರುವುದು ಕೌದಿ ಮತ್ತು ಕಂಬಳಿ. ಇದರಲ್ಲಿ ಅನಿವಾರ್ಯತೆಯ ಜೊತೆಗೆ ಒಂದು ಆಯ್ಕೆಯೂ ಇದೆ ಎಂಬುದು ಈ ಲೇಖನದ ಪ್ರತಿಪಾದನೆ.

ಕೆಲವು ಪದಗಳ ಸ್ಪಷ್ಟೀಕರಣ

ಈ ಭಾಗದ ಬಳಕೆಯಲ್ಲಿ ಹಾಸು-ಹೊದಿಕೆಗಳಿಗೆ ನಾಲ್ಕು ಮುಖ್ಯ ಹೆಸರುಗಳಿವೆ. ಹಿಂಜಿದ ಅರಳೆಯನ್ನು ದಪ್ಪವಾಗಿ ತುಂಬಿ ಹಾಸಲು ಬಳಸುವುದು ಗಾದಿ. ಅದೇ ಅರಳೆಯನ್ನು ತೆಳುವಾಗಿ ಹರಡಿ, ದೂರ ದೂರ ಹೊಲಿಗೆ ಹಾಕಿ ಹೊದೆಯಲು ಬಳಸುವುದು ರಜಾಯಿ. ಹಳೆಯ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ, ಒತ್ತೊತ್ತಾಗಿ ಕೈಹೊಲಿಗೆ ಹಾಕಿದ್ದು ಕೌದಿ. ಕುರಿಯ ಉಣ್ಣೆಯನ್ನು ನೂತು ಕುಣಿಮಗ್ಗದಲ್ಲಿ ನೇಯ್ದದ್ದು ಕಂಬಳಿ. ಮೊದಲೆರಡರಲ್ಲಿ ಒಳತುಂಬು ಬಿಡಿಬಿಡಿಯಾದ ನಾರು. ಮೂರನೆಯದರಲ್ಲಿ ನೇಯ್ದ ಬಟ್ಟೆ. ನಾಲ್ಕನೆಯದರಲ್ಲಿ ಒಳತುಂಬೇ ಇಲ್ಲ, ಹೊದಿಕೆಯೇ ನಾರಿನ ಮೈ. ಈ ಭೇದವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಮುಂದಿನ ಚರ್ಚೆಗೆ ಅಗತ್ಯ.

ಹಳೆಯ ಬಟ್ಟೆಯನ್ನು ಪದರಗೊಳಿಸಿ ಹೊಲಿಯುವ ಪದ್ಧತಿ ಈ ಸೀಮೆಗಷ್ಟೇ ಸೀಮಿತವಲ್ಲ. ಮಹಾರಾಷ್ಟ್ರದ ಗೋಧಡಿ, ಬಂಗಾಳದ ಕಾಂಥಾ, ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಸಮುದಾಯದ ಕವಂದ ಇವೆಲ್ಲ ಒಂದೇ ಕುಟುಂಬದ ಹೊದಿಕೆಗಳು. ಆದ್ದರಿಂದ ಕೌದಿಯ ವೈಶಿಷ್ಟ್ಯವನ್ನು ಹೊಲಿಗೆಯಲ್ಲಿ ಮಾತ್ರವಲ್ಲ, ಸ್ಥಳೀಯ ಹವಾಮಾನಕ್ಕೂ ದುಡಿಮೆಗೂ ಅದು ಹೊಂದಿಕೊಂಡ ರೀತಿಯಲ್ಲಿ ಹುಡುಕಬೇಕಾಗುತ್ತದೆ.

ಮಳೆಯಲ್ಲಿ ಬಯಲಿಗೆ ಮಲಗುವವರು

ಈ ಸೀಮೆ ಬಿಸಿಲಿಗೆ ಹೆಸರಾದದ್ದು. ಮಳೆಗಾಲದ ರಾತ್ರಿಯಲ್ಲಿಯೂ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುವುದು ಅಪರೂಪ. ಹೀಗಿರುವಾಗ ಬೆಚ್ಚನೆಯ ಹೊದಿಕೆಯ ಚರ್ಚೆ ಏಕೆ ಎಂಬ ಅನುಮಾನ ಸಹಜ. ಆದರೆ ಒದ್ದೆ ಬಟ್ಟೆ ಮತ್ತು ಬೀಸುವ ಗಾಳಿ ಸೇರಿದಾಗ 22 ಡಿಗ್ರಿಯಲ್ಲಿಯೂ ಮನುಷ್ಯ ನಡುಗುತ್ತಾನೆ. ಇಲ್ಲಿನ ಮಳೆಯ ಹೆಚ್ಚಿನ ಪಾಲು ಬೀಳುವುದು ಆಗಸ್ಟ್-ಸೆಪ್ಟೆಂಬರ್ ಸುಮಾರಿಗೆ. ರೈತರ ಲೆಕ್ಕದಲ್ಲಿ ಹುಬ್ಬಿ, ಉತ್ತರಿ ಮಳೆಗಳ ಕಾಲ. ಸಂಜೆಗೆ ಹೊಡೆದ ಮಳೆ ರಾತ್ರಿಗೆ ನಿಂತು, ನೆಲದ ತೇವ ಮಾತ್ರ ಬೆಳಗಿನವರೆಗೆ ಉಳಿಯುವ ದಿನಗಳು ಅವು.

ಅಂತಹ ರಾತ್ರಿಗಳಲ್ಲಿ ಬಯಲಿಗೆ ಮಲಗುವವರಲ್ಲಿ ಮೊದಲಿಗರು ಕುರಿಗಾರರು. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ತರುಬುವುದು, ಅಂದರೆ ರಾತ್ರಿ ಹಿಂಡನ್ನು ನಿಲ್ಲಿಸುವುದು, ಈ ಭಾಗದ ಹಳೆಯ ಕೃಷಿ ಒಪ್ಪಂದ. ಮಳೆ ಹಿಡಿದಾಗ ಎರೆಯ ಕೆಸರು ಕುರಿಯ ಗೊರಸಿಗೆ ಕೇಡು ಮಾಡುವುದರಿಂದ ಹಿಂಡು ಕೆಂಪುನೆಲ ಮತ್ತು ಗುಡ್ಡದ ಕಡೆಗೆ ಸರಿಯುತ್ತದೆ. ಹಿಂಡಿನೊಂದಿಗೆ ಮನುಷ್ಯರೂ ಸರಿಯುತ್ತಾರೆ. ಎರಡನೆಯವರು ಬೆಳೆ ಕಾಯುವವರು. ಹಂದಿಯ ಕಾಟವಿರುವ ಹೊಲಗಳಲ್ಲಿ ಮಂಚಿಕೆಯ ಮೇಲೆ ರಾತ್ರಿ ಕಳೆಯುವುದು ಅನಿವಾರ್ಯ. ಮೂರನೆಯವರು ಗುಳೆ ಹೋಗುವವರು. ಊರುಗಳಿಂದಲೂ ತಾಂಡಾಗಳಿಂದಲೂ ಬೆಂಗಳೂರು, ಹೈದರಾಬಾದ್, ಪುಣೆ, ಮುಂಬಯಿಗಳ ಕಟ್ಟಡ ಕೆಲಸಕ್ಕೆ ಹೋಗುವ ಕುಟುಂಬಗಳು ತಗಡಿನ ಶೆಡ್ಡುಗಳಲ್ಲಿ, ಅರ್ಧ ಕಟ್ಟಿದ ಮಾಳಿಗೆಗಳ ಕೆಳಗೆ ಮಲಗುತ್ತವೆ. ಅದನ್ನು ಬಯಲು ಎನ್ನದಿದ್ದರೂ ಮಳೆಯ ದೃಷ್ಟಿಯಿಂದ ಅದು ಬಯಲೇ.

ಗಾಳಿ, ನೀರು ಮತ್ತು ಬಿಸಿ

ಒಳತುಂಬಿನ ಗುಣವನ್ನು ಅಳೆಯುವ ಮುನ್ನ ಹೊದಿಕೆ ಮಾಡುವ ಕೆಲಸವನ್ನು ತಿಳಿಯಬೇಕು. ಹೊದಿಕೆ ಬಿಸಿಯನ್ನು ಹುಟ್ಟಿಸುವುದಿಲ್ಲ. ದೇಹದ ಬಿಸಿ ಹೊರಹೋಗದಂತೆ ತಡೆಯುತ್ತದೆ. ತಡೆಯುವುದು ನಾರಿಗಿಂತ ಹೆಚ್ಚಾಗಿ ನಾರುಗಳ ನಡುವೆ ಸಿಕ್ಕಿಕೊಂಡ ನಿಶ್ಚಲ ಗಾಳಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ನಾರುಗಳ ನಡುವಿನ ಗಾಳಿಯ ಜಾಗಕ್ಕೆ ನೀರು ಬಂದರೆ ಹೊದಿಕೆಯ ಅರ್ಧ ಕೆಲಸ ಅಲ್ಲಿಗೇ ನಿಂತಂತೆ.

ಎರಡನೆಯ ಹಾನಿ ಆವಿಯಾಗುವಿಕೆಯದು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲರಿ ಶಾಖ ಬೇಕು. ನಿದ್ರಿಸುವ ಮನುಷ್ಯನ ದೇಹ ಗಂಟೆಗೆ ಉತ್ಪಾದಿಸುವುದು ಸುಮಾರು 60ರಿಂದ 70 ಕಿಲೋಕ್ಯಾಲರಿ. ಮೈಮೇಲಿನ ಹೊದಿಕೆಯಲ್ಲಿ ಒಂದು ಲೀಟರ್ ನೀರು ಉಳಿದು ಅದು ದೇಹದ ಬಿಸಿಯಿಂದಲೇ ಆರಬೇಕಾದರೆ ಇಡೀ ರಾತ್ರಿಯ ದೇಹಶಾಖ ಅದಕ್ಕೇ ವೆಚ್ಚವಾಗುತ್ತದೆ. ಒದ್ದೆ ಹೊದಿಕೆ ಹೊದ್ದು ಮಲಗುವುದಕ್ಕಿಂತ ಹೊದಿಕೆಯಿಲ್ಲದೆ ಬೆಂಕಿಯ ಬಳಿ ಕೂರುವುದು ಮೇಲು ಎಂದು ಕುರಿಗಾರರು ಹೇಳುವುದರ ಹಿಂದೆ ಈ ಲೆಕ್ಕವೇ ಅಡಗಿದೆ.

ಹೀಗಾಗಿ ಮಳೆಗಾಲದ ಬಯಲು ಹೊದಿಕೆಗೆ ಕೇಳಬೇಕಾದ ಪ್ರಶ್ನೆ ಒಣಗಿದ್ದಾಗ ಯಾವುದು ಹೆಚ್ಚು ಬೆಚ್ಚಗಿರುತ್ತದೆ ಎಂಬುದಲ್ಲ. ನೆನೆದಾಗ ಎಷ್ಟು ನೀರು ಹಿಡಿಯುತ್ತದೆ, ನೆನೆದರೂ ಗಾಳಿಯ ಜಾಗ ಉಳಿಯುತ್ತದೆಯೇ, ಮರುದಿನ ಸಂಜೆಯೊಳಗೆ ಆರುತ್ತದೆಯೇ, ಆರಿದ ಮೇಲೆ ಮೊದಲಿನ ರೂಪಕ್ಕೆ ಬರುತ್ತದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಒಂದೊಂದು ವಸ್ತುವನ್ನೂ ಈ ನಾಲ್ಕರ ಬೆಳಕಿನಲ್ಲಿ ನೋಡಬಹುದು.

ಅರಳೆ

ಹಿಂಜಿದ ಅರಳೆ ಒಣಗಿದ್ದಾಗ ಉತ್ತಮ ಒಳತುಂಬು. ಪಿಂಜಾರರು, ಅಂದರೆ ನದಾಫ ಸಮುದಾಯದವರು, ಬಿಲ್ಲಿನ ಹುರಿಯ ಮಿಡಿತದಿಂದ ಅರಳೆಯನ್ನು ಬಿಡಿಸಿ, ಎಳೆ ಎಳೆಯ ನಡುವೆ ಗಾಳಿ ತುಂಬುವಂತೆ ಮಾಡುತ್ತಿದ್ದರು. ಈಗ ಆ ಕೆಲಸ ಬಹುಮಟ್ಟಿಗೆ ಯಂತ್ರಕ್ಕೆ ಹೋಗಿದೆ. ಹತ್ತಿಯ ಹಸಿ ನಾರಿನ ಮೇಲೆ ಸಹಜವಾದ ಮೇಣದ ಲೇಪವಿರುವುದರಿಂದ ಮೊದಲ ಹನಿಗಳು ಅದರ ಮೇಲೆ ಜಾರುವುದೂ ಉಂಟು. ಆದರೆ ಮಳೆ ಮುಂದುವರಿದು, ಮೈಯ ಭಾರ ಒತ್ತಿದಾಗ ಆ ರಕ್ಷಣೆ ನಿಲ್ಲುವುದಿಲ್ಲ. ಹತ್ತಿಯ ನಾರು ನೀರನ್ನು ಒಳಕ್ಕೆ ಎಳೆದುಕೊಂಡು ಉಬ್ಬುತ್ತದೆ, ಮೆತ್ತಗಾಗುತ್ತದೆ, ತನ್ನ ಸ್ಥಿತಿಸ್ಥಾಪಕತೆಯನ್ನು ಕಳೆದುಕೊಂಡು ಕುಸಿಯುತ್ತದೆ. ಹರಡಿದ್ದ ಅರಳೆ ಗಂಟುಗಟ್ಟಿ, ಹೊಲಿಗೆಗಳ ನಡುವಿನ ಮನೆಗಳಲ್ಲಿ ಮೂಲೆಗೆ ಸರಿಯುತ್ತದೆ. ಹೊದಿಕೆಯ ಕೆಲವು ಭಾಗ ಬರಿದಾಗಿ, ಕೆಲವು ಭಾಗ ಮುದ್ದೆಯಾಗುತ್ತದೆ. ದಪ್ಪವಿರುವುದರಿಂದ ಒಳಗಿನ ತೇವ ಬೇಗ ಆರುವುದಿಲ್ಲ. ಹೊರಮೈ ಒಣಗಿದಂತೆ ಕಂಡರೂ ಒಡಲು ಹಸಿಯಾಗಿಯೇ ಉಳಿದು ಬೂಷ್ಟು ಹಿಡಿಯುತ್ತದೆ. ಅದನ್ನು ಮತ್ತೆ ಬಳಕೆಗೆ ತರಬೇಕಾದರೆ ಬಿಚ್ಚಿ ಮತ್ತೊಮ್ಮೆ ಹಿಂಜಿಸಬೇಕು. ಗುಡ್ಡದ ಹಟ್ಟಿಯಲ್ಲಿ ಅದು ಸಾಧ್ಯವಿಲ್ಲದ ಕೆಲಸ.

ಅರಳೆಯಲ್ಲಿಯೂ ಭೇದವಿದೆ. ಗಿಡ್ಡ ಎಳೆಯ, ತುಸು ಒರಟಾದ ಜವಾರಿ ಹತ್ತಿ ಪುಟಿದೇಳುವ ಗುಣದಲ್ಲಿ ಮೇಲು. ಉದ್ದ ಎಳೆಯ ಸಂಕರ ತಳಿಗಳ ನಾರು ನೂಲಿಗೆ ಶ್ರೇಷ್ಠವಾದರೂ ಮೃದುವಾದ್ದರಿಂದ ಬೇಗ ಒತ್ತಿಕೊಳ್ಳುತ್ತದೆ. 2002ರಲ್ಲಿ ದೇಶದಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಮೇಲೆ ಸಂಕರ ತಳಿಗಳೇ ಹೊಲಗಳನ್ನು ತುಂಬಿದುದರಿಂದ ಜವಾರಿ ಅರಳೆ ಅಪರೂಪವಾಗಿದೆ.

ಹಳೆಯ ಬಟ್ಟೆ

ಕೌದಿಯ ಒಡಲಾದ ಹಳೆಯ ಬಟ್ಟೆಯೂ ಹತ್ತಿಯೇ. ಹಾಗಾದರೆ ಅರಳೆಯ ದೋಷ ಅದಕ್ಕೇಕೆ ಅಂಟುವುದಿಲ್ಲ? ನಿಜ ಹೇಳಬೇಕೆಂದರೆ ಒಂದು ದೋಷ ಅದರಲ್ಲಿ ಅರಳೆಗಿಂತ ಹೆಚ್ಚು. ಅನೇಕ ಬಾರಿ ಒಗೆದು ಮೇಣದ ಲೇಪ ಕಳೆದ ಬಟ್ಟೆ ಅರಳೆಗಿಂತ ಬೇಗ ನೆನೆಯುತ್ತದೆ, ತನ್ನ ತೂಕಕ್ಕಿಂತ ಹೆಚ್ಚು ನೀರನ್ನು ಹಿಡಿಯುತ್ತದೆ. ಆದರೆ ಉಳಿದ ಗುಣಗಳಲ್ಲಿ ಅದು ಮುಂದಿದೆ. ಬಟ್ಟೆಯ ನಾರು ನೂಲಾಗಿ, ನೂಲು ನೇಯ್ಗೆಯಾಗಿ ಬಿಗಿದುಕೊಂಡಿರುವುದರಿಂದ ನೆನೆದರೂ ಅದು ಜಾಗ ಬಿಟ್ಟು ಸರಿಯುವುದಿಲ್ಲ, ಗಂಟಾಗುವುದಿಲ್ಲ. ಒತ್ತೊತ್ತಾದ ಹೊಲಿಗೆ ಪದರಗಳನ್ನು ಒಂದಕ್ಕೊಂದು ಬಂಧಿಸುತ್ತದೆ. ಹತ್ತಿಯ ನೂಲು ನೆನೆದಾಗ ದುರ್ಬಲವಾಗುವ ಬದಲು ಬಲಗೊಳ್ಳುವುದರಿಂದ ಇಬ್ಬರು ಎದುರುಬದುರು ನಿಂತು ಹಿಂಡಿದರೂ ಕೌದಿ ತಾಳುತ್ತದೆ. ಅರಳೆಯ ರಜಾಯಿಯನ್ನು ಹಾಗೆ ಹಿಂಡಲಾಗದು. ಬಂಡೆಯ ಮೇಲೆ ಹರಡಿದರೆ ಒಂದು ಹಗಲಿನ ಒಳ್ಳೆಯ ಬಿಸಿಲು ತೆಳು ಕೌದಿಯನ್ನು ಆರಿಸಬಲ್ಲದು.

ಅಂದರೆ ಕೌದಿ ನೀರನ್ನು ತಡೆಯುವ ಹೊದಿಕೆಯಲ್ಲ. ನೀರಿನಿಂದ ಚೇತರಿಸಿಕೊಳ್ಳುವ ಹೊದಿಕೆ. ನಾಲ್ಕು ಪ್ರಶ್ನೆಗಳಲ್ಲಿ ಮೊದಲಿನ ಎರಡರಲ್ಲಿ ಅದು ಸೋಲುತ್ತದೆ, ಕೊನೆಯ ಎರಡರಲ್ಲಿ ಗೆಲ್ಲುತ್ತದೆ. ಈ ಸೋಲನ್ನು ಬಲ್ಲವರಾದ್ದರಿಂದಲೇ ಬಯಲಿಗೆ ಹೋಗುವವರು ಕೌದಿಯೊಂದನ್ನೇ ಒಯ್ಯುವುದಿಲ್ಲ.

ಬಯಲಿಗೆ ಮೀಸಲಾದ ಕೌದಿಗೆ ಬಟ್ಟೆ ಆರಿಸುವಾಗ ಹೆಂಗಸರು ಅನುಸರಿಸುವ ಕ್ರಮವೂ ಗಮನಾರ್ಹ. ಇಳಕಲ್ ಸೀರೆಯ ಹತ್ತಿಯ ಒಡಲನ್ನು ಒಳಗೆ ಇಟ್ಟು, ಕೃತಕ ರೇಷ್ಮೆಯ ಸೆರಗನ್ನು ಮೇಲಿನ ಅಲಂಕಾರಕ್ಕೆ ಬಳಸುತ್ತಾರೆ. ತೆಳುವಾದ ರುಮಾಲು, ಧೋತರಗಳನ್ನು ನಡುವೆ ಹಾಸುತ್ತಾರೆ. ದಪ್ಪ ಬಟ್ಟೆಯ ಎರಡು ಪದರಕ್ಕಿಂತ ತೆಳು ಬಟ್ಟೆಯ ನಾಲ್ಕು ಪದರ ಮೇಲು. ಪದರಗಳ ನಡುವೆ ಗಾಳಿಯೂ ನಿಲ್ಲುತ್ತದೆ, ಆರುವುದೂ ಬೇಗ. ಮನೆಯ ಬಾಣಂತಿಗೆ, ಹಿರಿಯರಿಗೆ ಹೊಲಿಯುವ ಕೌದಿಯಲ್ಲಿ ಪದರ ಹೆಚ್ಚು. ಹೆಗಲ ಮೇಲೆ ಹೋಗುವ ಕೌದಿಯಲ್ಲಿ ಕಡಿಮೆ.

ಉಣ್ಣೆ

ಕೌದಿ ಸೋಲುವ ಎರಡು ಪ್ರಶ್ನೆಗಳಿಗೆ ಉತ್ತರ ಉಣ್ಣೆಯಲ್ಲಿದೆ. ಉಣ್ಣೆಯ ಎಳೆಯ ಹೊರಮೈ ಹುರುಪೆಗಳಿಂದ ಕೂಡಿದ್ದು ದ್ರವರೂಪದ ನೀರನ್ನು ಸುಲಭವಾಗಿ ಒಳಬಿಡುವುದಿಲ್ಲ. ಆದರೆ ಆವಿರೂಪದ ತೇವವನ್ನು ಎಳೆಯ ಒಳಭಾಗ ಹೀರಿಕೊಳ್ಳುತ್ತದೆ. ತನ್ನ ತೂಕದ ಶೇಕಡಾ 30ರಷ್ಟು ತೇವವನ್ನು ಹೀರಿದ ಮೇಲೂ ಉಣ್ಣೆ ಕೈಗೆ ಒದ್ದೆ ಎನಿಸದು. ಹೀಗೆ ಹೀರುವಾಗ ಅಲ್ಪ ಪ್ರಮಾಣದ ಶಾಖವೂ ಹೊರಬೀಳುತ್ತದೆ. ಮುಖ್ಯವಾಗಿ, ಗುಂಗುರಾದ ಎಳೆ ನೆನೆದರೂ ಹತ್ತಿಯಂತೆ ಪೂರ್ತಿ ಕುಸಿಯದು. ಗಾಳಿಯ ಜಾಗ ಬಹುಮಟ್ಟಿಗೆ ಉಳಿಯುತ್ತದೆ. ಇಲ್ಲಿನ ದಖನಿ ಕುರಿಯ ಉಣ್ಣೆ ಒರಟು, ಕೂದಲು ಮಿಶ್ರಿತ, ಹೆಚ್ಚಾಗಿ ಕಪ್ಪು. ಸೂಟುಬಟ್ಟೆಗೆ ಅದು ಒಗ್ಗದಿರಬಹುದು. ಆದರೆ ಅದೇ ಒರಟು ಕೂದಲುಗಳು ಕಂಬಳಿಯ ಮೇಲ್ಮೈಯಲ್ಲಿ ಚಾಚಿಕೊಂಡು ಮಳೆಹನಿಯನ್ನು ಜಾರಿಸುತ್ತವೆ. ಹಾಸಿಗೆ ಬಿಸಾಕಿ ಹೊರಟರೂ ಕಂಬಳಿಯ ಕೊಪ್ಪೆ ತಲೆಗೆ ಬೇಕೇ ಬೇಕು.

ಕಂಬಳಿಗೂ ಮಿತಿಗಳಿವೆ. ಹೊಸ ಕಂಬಳಿಯ ಹಾಸುನೂಲಿಗೆ ಹುಣಸೆಬೀಜದ ಗಂಜಿ ಹಾಕಿರುವುದರಿಂದ ಮೊದಲ ಮಳೆಗಳಲ್ಲಿ ಅದು ಮೆತ್ತಗಾಗಿ ಅಂಟುತ್ತದೆ. ಸತತ ಮಳೆಯಲ್ಲಿ ಕಂಬಳಿಯೂ ನೆನೆದು ಭಾರವಾಗುತ್ತದೆ, ಆರಲು ಕೌದಿಗಿಂತ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಹತ್ತಿಗೆ ವಿರುದ್ಧವಾಗಿ ಉಣ್ಣೆ ನೆನೆದಾಗ ದುರ್ಬಲ. ಹಿಂಡಿ ತಿರುಚಿದರೆ ಎಳೆ ಹರಿಯುತ್ತದೆ, ಉಜ್ಜಿದರೆ ಜಿಗಿದು ಕುಗ್ಗುತ್ತದೆ. ಆದ್ದರಿಂದ ನೆನೆದ ಕಂಬಳಿಯನ್ನು ಹಿಂಡದೆ ನೀರು ಸೋರಲು ಬಿಡುವುದು ರೂಢಿ.

ಹಾಗಾದರೆ ಉಣ್ಣೆಯನ್ನೇ ಕೌದಿಯ ಒಳಗೆ ಏಕೆ ತುಂಬಲಿಲ್ಲ? ಇದು ಅತ್ಯಂತ ಸಹಜವಾದ ಪ್ರಶ್ನೆ. ಬಿಡಿ ಉಣ್ಣೆ ಒಳಗೆ ಒದ್ದೆಯಾಗಿ, ಮೈಯ ತಿಕ್ಕಾಟಕ್ಕೆ ಸಿಕ್ಕಿದಾಗ ಜಿಗಿದು ಉಂಡೆಗಟ್ಟುತ್ತದೆ. ಒರಟು ಕೂದಲು ಹಳೆಯ ಬಟ್ಟೆಯ ನೇಯ್ಗೆಯಿಂದ ಹೊರಬಂದು ಚುಚ್ಚುತ್ತದೆ. ನುಸಿ ಹತ್ತಿದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಉಣ್ಣೆ ಇರಬೇಕಾದ ಜಾಗ ಹೊರಗೆ, ಮಳೆಗೆ ಎದುರಾಗಿ. ಹತ್ತಿಯ ಎರಡು ಪದರಗಳ ನಡುವೆ ಅದನ್ನು ಇಟ್ಟರೆ ಮೊದಲು ನೆನೆಯುವುದು ಹತ್ತಿಯೇ. ಒಂದೇ ಹೊದಿಕೆಯಲ್ಲಿ ಎರಡು ಗುಣಗಳನ್ನು ಕೂಡಿಸುವ ಬದಲು ಎರಡು ಹೊದಿಕೆಗಳಲ್ಲಿ ಅವುಗಳನ್ನು ಬೇರ್ಪಡಿಸಿದ್ದು ಈ ಸೀಮೆಯ ಜನಪದರ ಪರಿಹಾರ. ಹೊರಗೆ ಕಂಬಳಿ, ಒಳಗೆ ಕೌದಿ. ಒಂದು ನೆನೆದರೆ ಇನ್ನೊಂದು ಉಳಿಯುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಆರಿಸಬಹುದು. ಬೇಸಿಗೆಯಲ್ಲಿ ಒಂದನ್ನು ಬಿಟ್ಟು ಹೋಗಬಹುದು.

ಬೂರುಗ, ಕೃತಕ ನಾರು, ಪ್ಲಾಸ್ಟಿಕ್

ದಿಂಬಿಗೆ ಬಳಸುವ ಬೂರುಗದ ಅರಳೆಯನ್ನು ಇಲ್ಲಿ ಉಲ್ಲೇಖಿಸಬೇಕು. ಟೊಳ್ಳಾದ, ಮೇಣ ಹೊದ್ದ ಈ ನಾರು ನೀರಿನಲ್ಲಿ ತೇಲುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಹಡಗಿನವರ ಜೀವರಕ್ಷಕ ಅಂಗಿಗಳಿಗೆ ಇದನ್ನೇ ತುಂಬುತ್ತಿದ್ದರು. ನೀರು ಹಿಡಿಯದ ಗುಣದಲ್ಲಿ ಇದಕ್ಕೆ ಸಮನಾದ ಸಹಜ ನಾರು ವಿರಳ. ಆದರೆ ಎಳೆ ಗಿಡ್ಡ ಹಾಗೂ ನುಣುಪು. ತೆಳುಬಟ್ಟೆಯ ಮೂಲಕ ಸೋರುತ್ತದೆ, ಮಡಿಸಿ ಬಿಚ್ಚುವ ಹೊದಿಕೆಯಲ್ಲಿ ಪುಡಿಯಾಗುತ್ತದೆ, ಬೆಂಕಿಗೆ ಬೇಗ ಸಿಗುತ್ತದೆ. ಹಟ್ಟಿಯ ಬೆಂಕಿಯ ಬಳಿ ಮಲಗುವವರಿಗೆ ಅದು ತಕ್ಕುದಲ್ಲ. ದಿಂಬಿನಲ್ಲಿಯೇ ಅದು ಉಳಿದದ್ದು ಅಕಾರಣವಲ್ಲ.

ಪಾಲಿಯೆಸ್ಟರ್ ಮೊದಲಾದ ಕೃತಕ ನಾರುಗಳು ಈ ಚರ್ಚೆಯನ್ನು ಬದಲಿಸಿವೆ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಶೇಕಡಾ 8ರಷ್ಟು, ಉಣ್ಣೆ 16ರಷ್ಟು ತೇವವನ್ನು ಹಿಡಿದಿದ್ದರೆ ಪಾಲಿಯೆಸ್ಟರ್ ಹಿಡಿಯುವುದು ಶೇಕಡಾ ಅರ್ಧಕ್ಕೂ ಕಡಿಮೆ. ಅದರ ನಾರು ನೀರು ಕುಡಿಯುವುದಿಲ್ಲ. ನೀರು ನಾರುಗಳ ನಡುವೆ ಮಾತ್ರ ನಿಲ್ಲುತ್ತದೆ, ಹಿಂಡಿದರೆ ಹೋಗುತ್ತದೆ. ಸುರುಳಿಯಾಗಿ ತಯಾರಿಸಿದ ಪಾಲಿಯೆಸ್ಟರ್ ಹಾಳೆಯನ್ನು ಒಳತುಂಬಾಗಿ ಬಳಸಿದರೆ ನೆನೆದ ಮೇಲೂ ಅದು ಪುಟಿದೇಳುತ್ತದೆ. ಮಳೆಗಾಲದ ಬಯಲು ಹೊದಿಕೆಗೆ ಹೊಸದಾಗಿ ಒಳತುಂಬನ್ನು ಕೊಳ್ಳುವವರಿಗೆ ಇದು ಅರಳೆಗಿಂತ ಖಂಡಿತ ಮೇಲು ಎಂಬುದನ್ನು ಒಪ್ಪಲೇಬೇಕು. ಪರಂಪರೆಯ ಮೇಲಿನ ಅಭಿಮಾನದಿಂದ ಇದನ್ನು ಅಲ್ಲಗಳೆಯುವುದು ಶಾಸ್ತ್ರೀಯವಾಗದು. ಆದರೆ ಕಿಡಿ ತಾಗಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಬೆವರಿನ ವಾಸನೆ ಹಿಡಿದಿಟ್ಟುಕೊಳ್ಳುತ್ತದೆ. ಹಳೆಯ ಪಾಲಿಯೆಸ್ಟರ್ ಸೀರೆಯ ಪದರಗಳಿಗೆ ಆ ಸುರುಳಿಯಿಲ್ಲದ್ದರಿಂದ ಬೆಚ್ಚಗಿಡುವ ಗುಣವೂ ಕಡಿಮೆ. ಪಾಲಿಯೆಸ್ಟರ್ ಒಳತುಂಬು ಬೇರೆ, ಪಾಲಿಯೆಸ್ಟರ್ ಸೀರೆಯ ಕೌದಿ ಬೇರೆ.

ರಸಗೊಬ್ಬರದ ಚೀಲ ಮತ್ತು ಪ್ಲಾಸ್ಟಿಕ್ ಹಾಳೆಗಳನ್ನು ಕೆಲವರು ಕೌದಿಯ ಒಳಗೇ ಸೇರಿಸಿ ಹೊಲಿಯುವುದನ್ನು ಕಂಡಿದ್ದೇನೆ. ಮಳೆ ಒಳಗಿಳಿಯದಿರಲಿ ಎಂಬುದು ಉದ್ದೇಶ. ಆದರೆ ಸೂಜಿಯ ನೂರಾರು ತೂತುಗಳಿಂದ ನೀರು ಹೇಗೂ ಇಳಿಯುತ್ತದೆ. ಉಸಿರು ಮತ್ತು ಬೆವರಿನ ಆವಿ ಮಾತ್ರ ಹೊರಹೋಗಲಾರದೆ ಒಳಪದರವನ್ನು ನೆನೆಸುತ್ತದೆ. ಪ್ಲಾಸ್ಟಿಕ್ ಅಡ್ಡವಿರುವುದರಿಂದ ಹೊದಿಕೆ ಆರುವುದೂ ನಿಧಾನ. ಪ್ಲಾಸ್ಟಿಕ್ಕಿಗೆ ಸರಿಯಾದ ಜಾಗ ಕೆಳಗೆ, ನೆಲ ಮತ್ತು ಹಾಸಿನ ನಡುವೆ. ಅಥವಾ ಮೇಲೆ, ಮೈಯಿಂದ ದೂರವಾಗಿ, ಗಾಳಿಯಾಡುವಂತೆ ಕಟ್ಟಿದ ಮರೆಯಾಗಿ.

ಆಯ್ಕೆಯ ಕ್ರಮ

ಮೇಲಿನ ವಿವೇಚನೆಯಿಂದ ಆಯ್ಕೆಯ ಒಂದು ಕ್ರಮವನ್ನು ಹೀಗೆ ಸಂಗ್ರಹಿಸಬಹುದು. ಒಂದು, ಬಯಲು ಹೊದಿಕೆಯ ಒಳತುಂಬು ಬಿಡಿ ನಾರಾಗಿರದೆ ನೇಯ್ದ ಅಥವಾ ಹಾಳೆಯಾಗಿ ಬಂಧಿಸಿದ ವಸ್ತುವಾಗಿರಬೇಕು. ಎರಡು, ದಪ್ಪ ಕಡಿಮೆಯಿರಬೇಕು. ಹೆಚ್ಚಿನ ಬೆಚ್ಚನೆ ಬೇಕಾದರೆ ಇನ್ನೊಂದು ಹೊದಿಕೆಯನ್ನು ಸೇರಿಸಬೇಕೇ ಹೊರತು ಇರುವುದನ್ನೇ ದಪ್ಪ ಮಾಡಬಾರದು. ಮೂರು, ಹೊಲಿಗೆಯ ಸಾಲುಗಳು ಹತ್ತಿರವಿರಬೇಕು. ನಾಲ್ಕು, ಉಣ್ಣೆ ಹೊರಗಿರಬೇಕು, ಹತ್ತಿ ಮೈಗಿರಬೇಕು, ನೀರು ಬಿಡದ ಹಾಳೆ ಇವೆರಡಕ್ಕೂ ಹೊರಗಿರಬೇಕು. ಐದು, ಬೆಂಕಿಯ ಬಳಿ ಮಲಗುವವರು ಕೃತಕ ನಾರನ್ನು ತಪ್ಪಿಸಬೇಕು.

ವಸ್ತುವನ್ನು ಪರೀಕ್ಷಿಸಲು ಮನೆಯಲ್ಲಿಯೇ ಎರಡು ಉಪಾಯಗಳಿವೆ. ಒಂದು ಎಳೆಯನ್ನು ಸುಟ್ಟರೆ ಹತ್ತಿ ಕಾಗದದಂತೆ ಉರಿದು ಹಗುರ ಬೂದಿಯಾಗುತ್ತದೆ. ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ ಆರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡನೆಯದು, ಒಂದು ಹಿಡಿ ಒಳತುಂಬನ್ನು ನೀರಿನಲ್ಲಿ ಅದ್ದಿ, ಹಿಂಡಿ, ಅಂಗೈ ಬಿಚ್ಚುವುದು. ಮುದ್ದೆಯಾಗಿಯೇ ಉಳಿಯುವ ವಸ್ತು ಮನೆಯ ಹೊದಿಕೆಗೆ. ಅರಳಿ ಎದ್ದು ನಿಲ್ಲುವ ವಸ್ತು ಬಯಲಿಗೆ.

ಬದಲಾವಣೆ ಮತ್ತು ನಷ್ಟ

ಕಂಬಳಿ-ಕೌದಿಗಳ ಈ ಜೋಡಿ ಇಂದು ಎರಡೂ ಕಡೆಯಿಂದ ಸಡಿಲಗೊಳ್ಳುತ್ತಿದೆ. 1985ರ ಜವಳಿ ನೀತಿಯು ಕೃತಕ ನೂಲಿಗೆ ಉತ್ತೇಜನ ನೀಡಿದ ಮೇಲೆ ಹತ್ತಿಯ ಸೀರೆ ನಿತ್ಯದ ಉಡುಗೆಯಿಂದ ಕ್ರಮೇಣ ಹಿಂದೆ ಸರಿಯಿತು. ಉಟ್ಟು ಸವೆದ ಹತ್ತಿ ಸೀರೆ ಇಲ್ಲದಿದ್ದರೆ ಕೌದಿಯ ಒಡಲಿಗೆ ಹಾಸುವುದೇನನ್ನು? ಇಂದು ಹೊಲಿಯುವ ಕೌದಿಗಳಲ್ಲಿ ಒಳಗೂ ಹೊರಗೂ ಪಾಲಿಯೆಸ್ಟರ್ ಸೀರೆಗಳೇ ಹೆಚ್ಚು. ಇನ್ನೊಂದೆಡೆ ಮಾಂಸದ ಬೇಡಿಕೆಯಿಂದಾಗಿ ಕುರಿಗಾರರು ಉಣ್ಣೆಯ ದಖನಿ ಕುರಿಯ ಬದಲು ರಾಯಚೂರು ಸೀಮೆಯ ಕೆಂಗುರಿಯಂತಹ, ಉಣ್ಣೆ ಕೊಡದ ತಳಿಗಳತ್ತ ಒಲಿದಿದ್ದಾರೆ. ಕತ್ತರಿಸಿದ ಉಣ್ಣೆಗೆ ಕತ್ತರಿಕೆಯ ಕೂಲಿಯೂ ಹುಟ್ಟದಿರುವಾಗ ಇದು ಸಹಜ. ಕಂಬಳಿ ದೈನಂದಿನ ಬಳಕೆಯಿಂದ ಜಾರಿ, ಹಾಲುಮತದ ಆಚರಣೆಗಳ ಕಂಬಳಿ ಗದ್ದುಗೆಯಲ್ಲಿ, ಸಭೆಗಳ ಸನ್ಮಾನದಲ್ಲಿ ಉಳಿಯುತ್ತಿದೆ. ಪೂಜೆಗೆ ಉಳಿದದ್ದು ಮಳೆಗೆ ಉಳಿಯಲಿಲ್ಲ.

ಈ ನಷ್ಟವನ್ನು ಅತಿ ಹೆಚ್ಚು ಅನುಭವಿಸುತ್ತಿರುವವರು ಗುಳೆ ಹೋಗುವವರು. ಕಂಬಳಿಯೂ ಇಲ್ಲದೆ, ಹತ್ತಿಯ ಕೌದಿಯೂ ಇಲ್ಲದೆ, ಪಾಲಿಯೆಸ್ಟರ್ ಸೀರೆಯ ಕೌದಿ ಹಾಗೂ ಸಂತೆಯಲ್ಲಿ ಕೊಂಡ ತೆಳು ಹೊದಿಕೆಯೊಂದಿಗೆ ಅವರು ಬ್ಯಾಸಿಗೆಯಲ್ಲಿ ಊರು ಬಿಟ್ಟು ಮಳೆಗಾಲವನ್ನು ಶೆಡ್ಡುಗಳಲ್ಲಿ ಎದುರಿಸುತ್ತಾರೆ. ಬಿಸಿಲಿನ ಬಂಡೆಯಿಲ್ಲದ ನಗರದಲ್ಲಿ ಹೊದಿಕೆ ಆರುವುದೂ ಕಷ್ಟ. ಮಕ್ಕಳೊಂದಿಗೆ ಹೋದ ಕುಟುಂಬಗಳಿಗೆ ಇದು ಸಂಸ್ಕೃತಿಯ ಪ್ರಶ್ನೆಗಿಂತ ಮೊದಲು ಆರೋಗ್ಯದ ಪ್ರಶ್ನೆ.

ಸಮಾರೋಪ

ಕೌದಿಯನ್ನು ಹೊಲಿದು ಮುಗಿಸುವಾಗ ಕೆಲವು ಮನೆತನಗಳಲ್ಲಿ ಕೊನೆಯ ಬಾಯಿ ಮುಚ್ಚುವ ಮುನ್ನ ಒಂದು ತುಣುಕು ರೊಟ್ಟಿಯನ್ನೋ ನಾಲ್ಕು ಕಾಳನ್ನೋ ಒಳಗಿಡುವ ರೂಢಿಯಿದೆ. ಕೌದಿಗೂ ಹೊಟ್ಟೆಯಿದೆ, ಅದು ಬರಿದಾಗಿರಬಾರದು ಎಂಬ ಭಾವನೆ ಅದರ ಹಿಂದಿನದು. ಹೊಲಿಯುವವರು ಒಡಲಿಗೆ ಕೊಟ್ಟ ಈ ಗಮನವನ್ನು ದಾಖಲಿಸುವ ನಾವು ಕೊಡಲಿಲ್ಲ. ಗೋಡೆಗೆ ತೂಗುಹಾಕಿದ ಕೌದಿ ತನ್ನ ಮೇಲ್ಮೈಯನ್ನು ಮಾತ್ರ ತೋರಿಸುತ್ತದೆ. ಅದರ ತೂಕ, ಪದರಗಳ ಸಂಖ್ಯೆ, ಒಳಬಟ್ಟೆಯ ನಾರು, ನೆನೆದರೆ ಆರಲು ಹಿಡಿಯುವ ಸಮಯ ಇವು ಯಾವುವೂ ಚಿತ್ರದಲ್ಲಿ ಬರುವುದಿಲ್ಲ.

ಆದ್ದರಿಂದ ಮುಂದಿನ ಕ್ಷೇತ್ರಕಾರ್ಯದಲ್ಲಿ ಪ್ರತಿಯೊಂದು ಹೊದಿಕೆಯ ಒಳತುಂಬನ್ನು ಪ್ರತ್ಯೇಕವಾಗಿ ದಾಖಲಿಸುವುದು, ಹರಿದು ಎಸೆಯುವ ಹಂತದ ಕೌದಿಗಳನ್ನು ಬಿಚ್ಚಿ ಪದರವಾರು ಸಂಗ್ರಹಿಸುವುದು, ವಸ್ತುಸಂಗ್ರಹಾಲಯಗಳು ಸುಂದರ ಕೌದಿಗಳ ಜೊತೆಗೆ ಬಳಸಿ ಸವೆದ ಕೌದಿಗಳನ್ನೂ ಉಳಿಸಿಕೊಳ್ಳುವುದು ಅಗತ್ಯ. ಹತ್ತಿ ಸೀರೆ ಉಟ್ಟು, ಅದನ್ನೇ ಕೌದಿಗೆ ಹಾಸಿ ಹೊಲಿದ ತಲೆಮಾರಿನವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಕೈಗೆ ತಿಳಿದಿರುವುದನ್ನು ಕೇಳಿ ಬರೆದುಕೊಳ್ಳಲು ಉಳಿದಿರುವ ಕಾಲ ಹೆಚ್ಚಿನದಲ್ಲ.